ಇದ್ದತ್ತಿನ ಕೋಣೆಗೆ ಬಂದ ಪ್ರಶ್ನೆ

ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳ ಮೇಲೆ ಹತ್ತು ದಿನ ಮನೆಯೊಳಗೇ ಇರಬೇಕು, ಹೊರಗಿನ ಗಂಡಸರ ಕಣ್ಣಿಗೆ ಬೀಳಬಾರದು. ಇದಕ್ಕೆ ಇದ್ದತ್ತು ಎನ್ನುತ್ತಾರೆ. ಈ ಕಟ್ಟಳೆ ಮಾಡಿದವನು ಕರುಣಾಳು. ಎದೆಯೊಡೆದವಳು ಒಂದಿಷ್ಟು ದಿನ ಯಾರಿಗೂ ಉತ್ತರ ಕೊಡದೆ ಕೂತಿರಲಿ ಎಂದು ಅವಳಿಗೊಂದು ನೆರಳು ಮಾಡಿಕೊಟ್ಟ. ನಜಮಾಳ ಅಪ್ಪ ಸತ್ತಾಗ ತವರೂರು ಯಂಕಂಚಿಯಲ್ಲಿ ಅವಳ ಅವ್ವ ಹಾಗೆ ಕೂತಿದ್ದಳು. ಓಣಿಯ ಹೆಂಗಸರು ಜಾತಿ ನೋಡದೆ ಹಿತ್ತಲ ಬಾಗಿಲಿನಿಂದ ಬರುತ್ತಿದ್ದರು. ಒಬ್ಬಳು ನುಚ್ಚು ತಂದರೆ ಇನ್ನೊಬ್ಬಳು ಮಜ್ಜಿಗೆ ತರುತ್ತಿದ್ದಳು. ಅತ್ತು, ನಕ್ಕು, ಸತ್ತವನ ಸಣ್ಣಪುಟ್ಟ ಪುಂಡಾಟಗಳನ್ನು ನೆನೆಸಿಕೊಂಡು ಹೊತ್ತು ಕಳೆಯುತ್ತಿದ್ದರು. ಆ ನಾಲ್ಕು ತಿಂಗಳಲ್ಲಿ ಅವ್ವ ಒಂದು ದಿನವೂ ಒಬ್ಬಳೇ ಉಂಡದ್ದನ್ನು ನಜಮಾ ನೋಡಿರಲಿಲ್ಲ.

ಅದೇ ಇದ್ದತ್ತು ಈಗ ನಜಮಾಳ ಪಾಲಿಗೆ ಬಂದಿತ್ತು. ಹಲಸಂಗಿಯಿಂದ ಚಡಚಣದ ಕಡೆಗೆ ಹೋಗುವ ಹಾದಿಯಲ್ಲಿರುವ ಒಂದು ಸಣ್ಣ ಊರು, ಊರ ನಡುವೆ ಅತ್ತೆ ಮಾವನ ಮಣ್ಣಿನ ಮಾಳಿಗೆ ಮನೆ, ಮನೆಯ ಮೂಲೆಗೊಂದು ಕೋಣೆ. ಜೋಳದ ಚೀಲಗಳ ಜೊತೆಗೆ ನಿಂಬೆ ಗಿಡಗಳಿಗೆ ಹೊಡೆಯುವ ಔಷಧಿಯ ಡಬ್ಬಿಗಳೂ ಪಂಪೂ ಅದೇ ಕೋಣೆಯಲ್ಲಿದ್ದವು. ಬಾಗಿಲಿಗೆ ಒಂದು ಹಳೆಯ ಚಾದರವನ್ನು ಪರದೆ ಮಾಡಿ ಕಟ್ಟಿದ್ದರು. ಹಿತ್ತಲ ಬಾಗಿಲಿನಿಂದ ಯಾರೂ ಬರುತ್ತಿರಲಿಲ್ಲ. ಅವಳು ಬಡಿದ ರೊಟ್ಟಿಯನ್ನು ಮನೆಯವರು ಮುಟ್ಟುತ್ತಿರಲಿಲ್ಲ. ಅತ್ತೆ ಹಜರಾಬಿ ಅದನ್ನು ಎಮ್ಮೆಗೆ ಹಾಕಿ ತಾನೇ ಮತ್ತೆ ಹಿಟ್ಟು ನಾದುತ್ತಿದ್ದಳು. ಒಂದು ವಾರ ಹಾಗೆ ನಡೆದ ಮೇಲೆ ನಜಮಾ ಒಲೆಯ ಹತ್ತಿರ ಹೋಗುವುದನ್ನೇ ಬಿಟ್ಟಳು.

ಕಾರಣ ಊರಿಗೆಲ್ಲ ಗೊತ್ತಿತ್ತು. ಅವಳ ಗಂಡ ಇಜಾಜ ವಿಷ ಕುಡಿದು ಸತ್ತ, ಕುಡಿಯುವ ಹಾಗೆ ಮಾಡಿದವಳು ಅವಳು.

ಅವಳು ಅಂದದ್ದನ್ನು ಓಣಿಯೇ ಕೇಳಿತ್ತು. ಅಂದು ಮಧ್ಯಾಹ್ನ ಇಜಾಜ ಊಟಕ್ಕೆಂದು ಮನೆಗೆ ಬಂದು ಮತ್ತೆ ತೋಟಕ್ಕೆ ಹೊರಟಾಗ ಅವಳು ತಲೆಬಾಗಿಲವರೆಗೂ ಹಿಂದೆಯೇ ಹೋಗಿದ್ದಳು. ಅವನಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ, "ಇವತ್ತರ ಕುಡೀಬ್ಯಾಡ್ರಿ. ಮಾಮಾಗ ಗೊತ್ತಾದ್ರ ಅವರು ಹೆಂಗ ತಲಿ ಎತ್ತಬೇಕು" ಎಂದಿದ್ದಳು. ಅವನು ನಕ್ಕು ಚಪ್ಪಲಿ ಮೆಟ್ಟಿಕೊಂಡ. ಆ ನಗೆಗೆ ಅವಳ ಮೈ ಉರಿಯಿತು. "ಹಂಗಾರ ಎಲ್ಲೆರ ಹೋಗಿ ಸಾಯ್ರಿ" ಎಂದಳು. ಈ ಮಾತು ಮಾತ್ರ ಜೋರಾಗಿ ಬಂತು. ಎದುರುಮನೆಯ ಕಟ್ಟೆಯ ಮೇಲೆ ಕೂತವರಿಗೆ ಮೊದಲಿನದು ಕೇಳಲಿಲ್ಲ, ಕೊನೆಯದು ಕೇಳಿತು. ಗಂಡನ ಚಟವನ್ನು ಮುಚ್ಚಿ, ತನ್ನ ಸಿಟ್ಟನ್ನು ಬಿಚ್ಚಿಟ್ಟಿದ್ದಳು. ಊರು ತನಗೆ ಸಿಕ್ಕದ್ದನ್ನು ಎತ್ತಿಕೊಂಡಿತು.

ಇಜಾಜ ದ್ರಾಕ್ಷಿ ತೋಟಗಳಲ್ಲಿ ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ ಮಾಡುವ ಕೂಲಿಗಳ ಒಂದು ಟೋಳಿಯ ಮುಂದಾಳಾಗಿದ್ದ. ದಸರೆಯ ಆಚೀಚೆ ಬಳ್ಳಿಯನ್ನು ಕತ್ತರಿಸಿ, ಉಳಿದ ಕಡ್ಡಿಯ ಚಿಗುರೊಡೆಯುವ ಒಂದೊಂದು ಕಣ್ಣಿಗೂ ಒಂದು ಔಷಧಿ ಹಚ್ಚುತ್ತಾರೆ. ಹಚ್ಚಿದರೆ ಕಣ್ಣುಗಳೆಲ್ಲ ಒಟ್ಟಿಗೇ ಒಡೆಯುತ್ತವೆ, ಹಣ್ಣು ಒಟ್ಟಿಗೇ ಬರುತ್ತದೆ. ಪೇಸ್ಟ್ ಹಚ್ಚುವುದು ಎಂದು ಅದಕ್ಕೆ ಹೆಸರು. ಮಾಲೀಕರು ಕೈಗವಸು ಕೊಡುತ್ತಾರೆ. ಗವಸು ಹಾಕಿದರೆ ಕಣ್ಣು ಬೆರಳಿಗೆ ಹತ್ತುವುದಿಲ್ಲ, ಕೆಲಸ ಸಾಗುವುದಿಲ್ಲ ಎಂದು ಟೋಳಿಯವರು ಅದನ್ನು ಬಳ್ಳಿಯ ತಂತಿಗೆ ಸಿಕ್ಕಿಸಿ ಬರಿಗೈಗೆ ಬಟ್ಟೆ ಸುತ್ತಿಕೊಳ್ಳುತ್ತಾರೆ. ತೋಟದ ಕೆಲಸ ಮುಗಿದ ದಿನ ಮಾಲೀಕ ಟೋಳಿಗೆ ಊಟ ಹಾಕಿಸುವ ಪದ್ಧತಿ ಉಂಟು. ಕುಡಿಯುವವರಿಗೆ ಅದೂ ಇರುತ್ತದೆ. ಆ ದಿನ ತೋಟ ಮುಗಿದಿತ್ತು.

ಹೊತ್ತು ಮುಳುಗುವಾಗ ತಮ್ಮ ಅಶ್ಫಾಕ ಅವನನ್ನು ಗಾಡಿಯ ಮೇಲೆ ಕೂರಿಸಿಕೊಂಡು ಬಂದ. ಇಜಾಜನ ಮುಖ ಕುತ್ತಿಗೆಯೆಲ್ಲ ಕಾದ ಹಂಚಿನಂತೆ ಕೆಂಪಾಗಿತ್ತು. ಎದೆ ಹೊಡೆದುಕೊಳ್ಳುವುದು ಅಂಗಿಯ ಮೇಲಿಂದಲೇ ಕಾಣುತ್ತಿತ್ತು. ಹೊಸ್ತಿಲಲ್ಲಿ ವಾಂತಿ ಮಾಡಿಕೊಂಡು ಅಲ್ಲೇ ಕುಸಿದ. ಮಾವ ನಬಿಲಾಲ ಮಗನ ಮೇಲೆ ಬಾಗಿದವರು ದಾರುವಿನ ವಾಸನೆಗೆ ಹಿಂದೆ ಸರಿದರು. ಅವರು ಹಿಂದಿನ ವರ್ಷವಷ್ಟೇ ಹಜ್ ಮುಗಿಸಿ ಬಂದವರು, ಮಸೀದಿಯ ಮೊದಲ ಸಾಲಿನಲ್ಲಿ ನಿಲ್ಲುವವರು. ಎದ್ದು ಮುಂಬಾಗಿಲು ಹಾಕಿದರು. ಮಗನ ಬಾಯಿ ತೊಳೆಸಿದರು, ಅಂಗಿ ಬದಲಿಸಿದರು, ಕೊರಳಿಗೆ ಅತ್ತರು ಸವರಿದರು. ಆಮೇಲೆ ಕಾರು ತರಿಸಿದರು. ಕಾರು ಬರುವ ಮುಂಚೆ ಸೊಸೆಯ ಕಡೆ ತಿರುಗಿ, "ಈ ಮಾತು ನಾಲ್ಕ ಗ್ವಾಡಿ ದಾಟಬಾರ್ದು ನಜಮಾ. ನಿನಗ ಕೈ ಮುಗೀತೇನಿ" ಎಂದರು. ಅವರು ನಿಜವಾಗಿಯೂ ಕೈ ಮುಗಿದಿದ್ದರು. ಅವಳು ತಲೆಯಾಡಿಸಿದಳು.

ದವಾಖಾನೆಯಲ್ಲಿ ವೈದ್ಯರು ಕುಡಿದಿದ್ದಾನೆಯೇ ಎಂದು ಕೇಳಿದರು. ನಮ್ಮ ಮನೆಯಲ್ಲಿ ಆ ಚಟವಿಲ್ಲ ಎಂದರು ನಬಿಲಾಲ. ವೈದ್ಯರು ಕೈಗೆ ಮೆತ್ತಿದ್ದ ಔಷಧಿಯನ್ನು ನೋಡಿದರು, ವಾಂತಿಯ ವಿಷಯ ಕೇಳಿದರು, ವಿಷವಿರಬೇಕು ಎಂದು ಬರೆದುಕೊಂಡರು. ಅಷ್ಟರಲ್ಲಿ ಇಜಾಜನ ಉಸಿರು ನಿಂತಿತ್ತು. ಪೊಲೀಸರು ಬಂದರು. ಹೆಣ ಕೊಯ್ಯಿಸಿ ರಕ್ತವನ್ನೂ ಹೊಟ್ಟೆಯೊಳಗಿನ ತುಣುಕುಗಳನ್ನೂ ಬಾಟಲಿಗೆ ಹಾಕಿಸಿ, ಅರಗಿನ ಮುದ್ರೆ ಒತ್ತಿ, ದೂರದ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿಂದ ಉತ್ತರ ಬರುವವರೆಗೆ ಸೊಸೆಯನ್ನು ಎಲ್ಲಿಗೂ ಕಳಿಸಬೇಡಿರಿ ಎಂದು ಹೇಳಿ ಹೋದರು.

ಹೀಗೆ ಅವಳ ಸುತ್ತ ಒಂದರೊಳಗೊಂದು ಗೋಡೆಗಳೆದ್ದವು. ಧರ್ಮದ ಗೋಡೆ, ಪೊಲೀಸರ ಗೋಡೆ, ಅವುಗಳ ಒಳಗೆ ಮಾವನಿಗೆ ಕೊಟ್ಟ ಮಾತಿನ ಗೋಡೆ. ಅಣ್ಣ ಯಂಕಂಚಿಯಿಂದ ಒಮ್ಮೆ ಬಂದು ಪಡಸಾಲೆಯಲ್ಲಿ ಕೂತು, ಚಹಾ ಕುಡಿದು, ಪರದೆಯ ಹತ್ತಿರ ನಿಂತು, "ಸಬೂರಿ ಮಾಡ ತಂಗಿ, ರಿಪೋರ್ಟ್ ಬರಲಿ" ಎಂದು ಹೋದ. ಅವಳು ಅವನಿಗೂ ಹೇಳಲಿಲ್ಲ. ಹೇಳಿದರೂ ಏನು ಪ್ರಯೋಜನ ಎಂದು ಅನ್ನಿಸುತ್ತಿತ್ತು. ಅಶ್ಫಾಕ ಆ ವಾರವೇ ಅಪ್ಪನ ಮುಂದೆ ಅತ್ತು ಹೇಳಿದ್ದನ್ನು ಅವಳು ಒಳಗಿನಿಂದ ಕೇಳಿದ್ದಳು. "ಅದ ಬಾಟ್ಲಿಯಾಗಿಂದ ನಾನೂ ಕುಡದೇನಿ ಅಬ್ಬಾ. ನನಗ ಏನೂ ಆಗಲಿಲ್ಲಲಾ." ಹಾಗಾದರೆ ದಾರುವಿನಿಂದ ಆದದ್ದಲ್ಲ. ಕುಡಿದ ಮೇಲೆ ಅವನು ಬೇರೇನೋ ಕುಡಿದಿರಬೇಕು. ಅವಳು ಸಾಯಿರಿ ಎಂದಿದ್ದಳು, ಅವನು ಸತ್ತಿದ್ದ. ಮಾವ ಹಾಗೆ ನಂಬಿದರು, ಅತ್ತೆ ಹಾಗೆ ನಂಬಿದಳು, ಕಡೆಗೆ ನಜಮಾಳೂ ಹಾಗೆಯೇ ನಂಬತೊಡಗಿದಳು.

ಮನುಷ್ಯನಿಗೆ ಎಲ್ಲರೂ ಎದುರು ನಿಂತಾಗ ಒಳಗೆ ತಾನೊಬ್ಬನಾದರೂ ತನ್ನ ಕಡೆ ಇರುತ್ತಾನೆ. ಅವಳ ಪಾಲಿಗೆ ಆ ಒಬ್ಬಳೂ ಎದ್ದು ಆಚೆ ಕಡೆ ಹೋಗಿ ಕೂತಿದ್ದಳು. ನಮಾಜಿಗೆ ಕೂತರೆ ದುವಾ ಅರ್ಧಕ್ಕೆ ನಿಲ್ಲುತ್ತಿತ್ತು. ಅಲ್ಲಾಹನ ಹತ್ತಿರ ಗಂಡನಿಗೆ ಕ್ಷಮೆ ಕೇಳಬೇಕೋ ತನಗೆ ಕೇಳಬೇಕೋ ತಿಳಿಯುತ್ತಿರಲಿಲ್ಲ. ಚಳಿ ಏರಿ ಇಳಿಯಿತು. ಹೊಲಗಳಲ್ಲಿ ಎಳೆ ಜೋಳದ ಸೀತನಿ ತೆನೆ ಸುಡುವ ಹೊಗೆಯ ವಾಸನೆ ಕಿಟಕಿಯವರೆಗೂ ಬಂತು. ಅವಳಿಗೆ ಹಸಿವೂ ಆಗುತ್ತಿರಲಿಲ್ಲ, ನಿದ್ದೆಯೂ ಬರುತ್ತಿರಲಿಲ್ಲ. ತಾನೂ ಹೋಗಿಬಿಟ್ಟರೆ ಈ ಮನೆಗೆ ಉಸಿರಾಡಲು ಜಾಗವಾಗುತ್ತದೆ ಎಂಬ ವಿಚಾರ ಮೊದಲು ಯಾವಾಗಲೋ ಒಮ್ಮೆ ಬರುತ್ತಿತ್ತು. ಈಗ ಅದು ಬೆಳಿಗ್ಗೆ ಅವಳಿಗಿಂತ ಮುಂಚೆ ಎದ್ದು ಕೂತಿರುತ್ತಿತ್ತು. ಅದು ಅವಳನ್ನು ಹೆದರಿಸುತ್ತಲೂ ಇರಲಿಲ್ಲ. ಸಮಾಧಾನ ಹೇಳುವವರ ಹಾಗೆ ಪಕ್ಕದಲ್ಲಿ ಬಂದು ಕೂಡುತ್ತಿತ್ತು. ಅದು ಎಲ್ಲಕ್ಕಿಂತ ಕೆಟ್ಟದ್ದು ಎಂದು ಅವಳಿಗೆ ಅರಿವಾಗುವ ಹಾಗಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಹವಾಲ್ದಾರ ಸಿದ್ದಾರೂಢ ಮೋಟರ್‌ಸೈಕಲ್ ಮೇಲೆ ಬಂದ. ಬಸವನ ಬಾಗೇವಾಡಿ ಕಡೆಯ ಮನುಷ್ಯ, ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ. ಪಡಸಾಲೆಯ ಹೊರಸಿನ ಮೇಲೆ ಕೂತು ಟೋಪಿ ತೆಗೆದ.

"ಚಹಾ ಮಾಡಸ್ಲೇನ್ರಿ ಸಾಹೇಬ್ರ?" ಎಂದರು ನಬಿಲಾಲ.

"ಬ್ಯಾಡ್ರಿ ಹಾಜಿಸಾಬ್ರ. ನಿಮ್ಮೂರಾಗ ಮನಿಗೊಂದು ಕಪ್ ಕುಡದು ಗಾಡಿ ಬದ್ಲಿ ನನ್ನ ಹೊಟ್ಟೀನ ಗುಡುಗುಡು ಅನ್ನಾಕತ್ತೈತಿ." ನಕ್ಕವನು ನಗೆ ಇಳಿಸಿ ಒಂದು ಕಾಗದ ತೆಗೆದ. "ಪ್ರಯೋಗಾಲಯದವ್ರು ಕೇಳ್ಯಾರ್ರಿ. ಪೂರಾ ರಿಪೋರ್ಟ್ ಅಲ್ಲ ಇದು. ನಿಮ್ಮ ಮಗನ ಹೊಟ್ಟ್ಯಾಗ ಯಾವ ವಿಷಾನೂ ಸಿಕ್ಕಿಲ್ಲಂತ. ರಕ್ತದಾಗ ದಾರು ಸಿಕ್ಕೈತಂತ. ಹಂಗಾದ್ರ ಸಾಯೂಹಂಗ ಆಗಿದ್ದೇನು, ಆ ದಿನ ಅವರು ಏನ್ ಕೆಲಸ ಮಾಡಿದ್ರು, ಏನ್ ತಿಂದ್ರು, ಕುಡೀತಿದ್ರೋ ಇಲ್ಲೋ, ವಿಚಾರಿಸಿ ತಿಳಸ್ರಿ ಅಂದಾರ."

ಪರದೆಯ ಹಿಂದೆ ನಜಮಾ ಎದ್ದು ನಿಂತಳು. ಹೊಟ್ಟೆಯಲ್ಲಿ ವಿಷವಿಲ್ಲ. ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ನಬಿಲಾಲರ ದನಿ ಗಟ್ಟಿಯಾಯಿತು. "ಬಾಟ್ಲಿ ಅದಲಬದಲ ಆಗಿರಬೇಕ್ರಿ. ನನ್ನ ಮಗಾ ಅದನ್ನ ಮುಟ್ಟಿದಾಂವ ಅಲ್ಲ."

"ಹಂಗಂತ ಬರ್ಕೊಳ್ಳಲೇನ್ರಿ?"

"ಬರ್ಕೋರಿ. ಬ್ಯಾಡ, ಅವರಿಗೇ ಹಚ್ರಿ ಫೋನು. ನಾನ ಕೇಳ್ತೇನಿ ಅವರನ್ನ."

ಸಿದ್ದಾರೂಢ ಕಾಗದದ ಮೇಲಿನ ನಂಬರಿಗೆ ಫೋನು ಹಚ್ಚಿದ. ನಬಿಲಾಲರ ಕಿವಿ ಮಂದ. ಹಾಗಾಗಿ ಊರಿಗೇ ಕೇಳುವಷ್ಟು ದನಿ ಏರಿಸಿ ಹೊರಸಿನ ಮೇಲಿಟ್ಟ. ಆಚೆಯಿಂದ ಒಬ್ಬ ಹೆಣ್ಣುಮಗಳು ಮಾತಾಡಿದಳು. ಹೆಸರು ಪ್ರಿಯದರ್ಶಿನಿ, ಆ ಪರೀಕ್ಷೆ ಮಾಡಿದವಳು ಅವಳೇ. ಮುದ್ದೇಬಿಹಾಳದವಳಂತೆ, ಮಾತು ಈ ಕಡೆಯದೇ.

"ಅದಲಬದಲ ಆಗಿಲ್ರಿ ಯಜಮಾನ್ರ," ಎಂದಳು. "ಮುದ್ರಿ ಒಡದಾಕಿ ನಾನು, ಹೆಸರು ತಾಳೆ ಹಾಕಿ ನೋಡೇನಿ. ನಿಮ್ಮ ಮಗ ಕುಡೀತಿದ್ರು ಅಂತ ನಿಮ್ಮ ಮರ್ಯಾದಿ ಕಳ್ಯಾಕ ನಾ ಕೇಳಾಕತ್ತಿಲ್ಲ. ಅವರು ಯಾಕ ಸತ್ರು ಅಂತ ನನಗ ತಿಳೀಬೇಕಾಗೈತಿ. ಆ ದಿನ ಕೈಲೆ ಏನ್ ಕೆಲಸ ಮಾಡಿದ್ರು?"

"ಒಕ್ಕಲುತನ ಮಾಡ್ತಿದ್ದ."

"ಒಕ್ಕಲುತನ ಅಂದ್ರ? ನೀರು ಹಾಯಿಸಿದ್ರೋ, ಔಷಧಿ ಹೊಡದ್ರೋ?"

ಉತ್ತರ ಕೊಟ್ಟರೆ ಒಂದು ಎಳೆ ಹಿಡಿದು ತೋಟ, ತೋಟ ಹಿಡಿದು ಊಟ, ಊಟ ಹಿಡಿದು ಬಾಟಲಿ ಹೊರಬರುತ್ತದೆ ಎಂದು ನಬಿಲಾಲರಿಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ಹಜರಾಬಿಯ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಆಚೆಯ ದನಿ ಬೇರೆ ದಾರಿಯಿಂದ ಬಂತು. "ಇರಲಿ. ಅವರ ಮನಿಯವ್ರು ಹೆಂಗ ಅದಾರ್ರಿ?"

"ಒಳಗ ಇದ್ದತ್ತಿನ್ಯಾಗ ಅದಾರ್ರಿ ಮೇಡಂ," ಎಂದ ಸಿದ್ದಾರೂಢ.

"ಊಟ ಮಾಡ್ತಾರೇನ್ರಿ? ನಿದ್ದಿ ಮಾಡ್ತಾರೇನು?"

ಹವಾಲ್ದಾರ ನಬಿಲಾಲರ ಮುಖ ನೋಡಿದ. ನಬಿಲಾಲ ನೆಲ ನೋಡಿದರು.

"ಯಾಕ ಕೇಳ್ತೇನಿ ಅಂದ್ರ, ಒಂದ ಮನಿಯಿಂದ ಎರಡನೇ ಸಲ ರಕ್ತದ ಪೆಟ್ಟಿಗಿ ಬಂದಿದ್ದನ್ನ ನಾ ನೋಡೇನಿ. ಮೊದಲ ಗಂಡಂದು, ಆಮ್ಯಾಲ ಹೆಂಡತೀದು. ನಮ್ಮ ಕೆಲಸ ಸತ್ತವರ ರಕ್ತ ನೋಡೂದು ಖರೇ. ಆದ್ರ ಅದರ ಉತ್ತರಕ್ಕ ಕಾಯ್ಕೋತ ಕುಂತವರು ಬದುಕಿದವರ ಇರ್ತಾರ. ಮನ್ಯಾಗ ಹೊಡಿಯೂ ಔಷಧಿ ಎಲ್ಲಿ ಇಟ್ಟೀರಿ?"

"ಮೂಲಿ ಕೋಣ್ಯಾಗ," ಎಂದರು ನಬಿಲಾಲ. ಹೇಳಿದ ಮೇಲೆ ಆ ಕೋಣೆಯ ಕಡೆ ನೋಡಿದರು. ಪರದೆಯ ಕೆಳಗೆ ಸೊಸೆಯ ಪಾದಗಳು ಕಾಣುತ್ತಿದ್ದವು.

ನಜಮಾ ಪರದೆಯನ್ನು ಒಳಗಿನಿಂದ ಮುಷ್ಟಿಯಲ್ಲಿ ಹಿಡಿದಿದ್ದಳು. ಹೊರಗೆ ಕೂತ ಮುದುಕರು ಒಂದು ಸಲ ತನಗೆ ಕೈ ಮುಗಿದವರು. ಅವರಿಗೆ ಕೊಟ್ಟ ಮಾತು ಮುರಿದರೆ ಈ ಮನೆಯಲ್ಲಿ ತನಗುಳಿದ ಒಂದೇ ಒಂದು ನಿಯತ್ತನ್ನೂ ತಾನು ಕಳೆದುಕೊಂಡಂತೆ. ಮುರಿಯದಿದ್ದರೆ ನಾಳೆ ಬೆಳಿಗ್ಗೆ ಮತ್ತೆ ಅದೇ ವಿಚಾರ ಅವಳಿಗಿಂತ ಮುಂಚೆ ಎದ್ದು ಕೂತಿರುತ್ತದೆ. ಯಾ ಅಲ್ಲಾಹ್, ಎಂದಳು. ಮುಂದೆ ಏನು ಕೇಳಬೇಕೆಂದು ತಿಳಿಯಲಿಲ್ಲ. ತಿಳಿಯದೇ ಬಾಯಿ ತೆರೆಯಿತು.

"ಪೇಸ್ಟ್ ಹಚ್ಚಾಕ ಹೋಗಿದ್ರರಿ."

ಪಡಸಾಲೆಯ ಇಬ್ಬರು ಗಂಡಸರೂ ತಿರುಗಿದರು. "ನಜಮಾ," ಎಂದರು ನಬಿಲಾಲ. ಅಷ್ಟೇ ಅಂದದ್ದು.

"ಮಾಮಾ, ನಿಮ್ಮ ಮಾತು ಇಷ್ಟ ದಿನ ಇಟಗೊಂಡೇನಿ. ಇನ್ನ ಇಟಗೊಂಡ್ರ ನಾ ಉಳಿಯಂಗಿಲ್ಲ." ಮಾತು ಅಲ್ಲಿಗೆ ನಿಲ್ಲಲಿಲ್ಲ. "ದ್ರಾಕ್ಷಿ ಕಣ್ಣಿಗೆ ಪೇಸ್ಟ್ ಹಚ್ಚತಿದ್ರರಿ. ಬರಿಗೈಲೆ. ಅವತ್ತ ತೋಟ ಮುಗದಿತ್ತು, ಊಟ ಇತ್ತು. ಅಲ್ಲೇ ಕುಡದ್ರು. ಬಂದಾಗ ವಾಸನಿ ಇತ್ತು. ಮುಖ ಕೆಂಪಗ ಆಗಿತ್ತು, ಎದಿ ಡಬಡಬ ಹೊಡಕೋತಿತ್ತು."

ಫೋನಿನಲ್ಲಿ ಪ್ರಿಯದರ್ಶಿನಿಯ ದನಿ ನಿಧಾನವಾಗಿ ಬಂತು. "ಆ ಔಷಧಿ ಮುಟ್ಟಿದವರು ಮುಂದ ಕೆಲವ ದಿನ ದಾರು ಮುಟ್ಟಬಾರದ್ರಿ. ಅದು ಚರ್ಮದಾಗಿಂದ ಮೈಯೊಳಗ ಹೋಗಿರತೈತಿ. ಮ್ಯಾಲ ದಾರು ಬಿದ್ರ ಆ ಔಷಧಿ ದಾರೂನ್ನ ಮೈಯಾಗ ಪೂರಾ ಕರಗಾಕ ಬಿಡೂದಿಲ್ಲ, ಅರ್ಧಕ್ಕ ತಡದು ವಿಷಾ ಮಾಡತೈತಿ. ಮುಖ ಕೆಂಪಾಗೂದು, ಎದಿ ಹೊಡಕೊಳ್ಳೂದು, ವಾಂತಿ, ಆಮ್ಯಾಲ ರಕ್ತದ ಒತ್ತಡ ಬಿದ್ದು ಮನಿಶಾ ಕುಸೀತಾನ. ಡಬ್ಬಿ ಮ್ಯಾಲ ಬರದಿರ್ತಾರ, ಸಣ್ಣ ಅಕ್ಷರದಾಗ."

"ಅದೆಲ್ಲ ಸುಳ್ಳು," ಎಂದರು ನಬಿಲಾಲ. ಅವರಿಗೆ ಈಗ ಏನು ಹೇಳುತ್ತಿದ್ದೇನೆಂಬ ಎಚ್ಚರ ಇರಲಿಲ್ಲ. "ಅದ ಬಾಟ್ಲಿಯಾಗಿಂದ ನಮ್ಮ ಸಣ್ಣ ಹುಡುಗನೂ ಕುಡದಾನ. ಅವನಿಗೆ ಯಾಕ ಏನೂ ಆಗಲಿಲ್ಲ?"

ಮಾತು ಪಡಸಾಲೆಯ ನಡುವೆ ಬಿತ್ತು. ಸಿದ್ದಾರೂಢ ಪೆನ್ನು ಎತ್ತಿದ್ದವನು ಬರೆಯಲಿಲ್ಲ. ಗೋಡೆಗೆ ತೂಗುಹಾಕಿದ್ದ ಕಾಬಾದ ಪಟವನ್ನು ನೋಡುತ್ತ ಕೂತ.

"ಸಣ್ಣವ್ರೂ ಪೇಸ್ಟ್ ಹಚ್ಚಿದ್ರೇನ್ರಿ ಯಜಮಾನ್ರ?" ಆಚೆಯ ದನಿಯಲ್ಲಿ ಗೆದ್ದ ಸದ್ದಿರಲಿಲ್ಲ.

"ಇಲ್ಲ," ಎಂದರು ನಬಿಲಾಲ. "ಅವ ಟೋಳಿಯವರನ್ನ ಟೆಂಪೋದಾಗ ತಂದು ಬಿಡ್ತಾನ. ತೋಟದಾಗ ಇಳಿಯೂದಿಲ್ಲ."

"ಅದಕ್ಕ್ರಿ."

ಆ ಒಂದು ಮಾತಿನ ಮುಂದೆ ಮುದುಕರು ಸಣ್ಣಗಾದರು. ಬಿಳಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಅದರ ಅಂಚನ್ನು ಬೆರಳಿಂದ ಸವರತೊಡಗಿದರು. ಪ್ರಿಯದರ್ಶಿನಿ ಮುಂದುವರಿದು, ಇದನ್ನೇ ಕಡೆಯ ಮಾತೆಂದು ಹಿಡಿಯಬೇಡಿರಿ, ಉಳಿದ ರಕ್ತವನ್ನು ಈ ದೃಷ್ಟಿಯಿಂದ ಮತ್ತೆ ನೋಡಬೇಕು, ಔಷಧಿಯ ಕುರುಹು ಸಿಗದೆಯೂ ಹೋಗಬಹುದು ಎಂದಳು. "ಆದ್ರ ಹೊಟ್ಟ್ಯಾಗ ವಿಷ ಇಲ್ಲ. ಇಷ್ಟು ಖಾತ್ರಿ. ಒಳಗಿನವರ ಹೆಸರೇನ್ರಿ?"

"ನಜಮಾ ಅಂತ್ರಿ," ಎಂದಳು ಅವಳು ಪರದೆಯ ಹಿಂದಿನಿಂದ.

"ನಜಮಾ, ನಾ ಒಂದು ಸೀದಾ ಕೇಳ್ತೇನಿ, ಸೀದಾ ಹೇಳವಾ. ಸಾಯಬೇಕು ಅಂತ ವಿಚಾರ ಬಂದೈತೇನು?"

ಆ ಮನೆಯಲ್ಲಿ ಇಷ್ಟು ದಿನ ಯಾರೂ ಅವಳನ್ನು ಏನನ್ನೂ ಕೇಳಿರಲಿಲ್ಲ. ಕೇಳಿದವಳು ಕಾಣದ ಊರಿನ, ಮುಖ ಗೊತ್ತಿಲ್ಲದ ಒಬ್ಬ ಹೆಂಗಸು. ಕೇಳಿದ್ದು ಮಾತ್ರ ಅವಳು ಯಾರಿಗೂ ತೋರಿಸದೆ ಇಟ್ಟುಕೊಂಡದ್ದನ್ನೇ.

"ಹೌದ್ರಿ," ಎಂದಳು. "ದಿನಾ ಬರತೈತ್ರಿ."

ಅಡುಗೆಮನೆಯಿಂದ ಹಜರಾಬಿ ಹೊರಗೆ ಬಂದಳು. ಹವಾಲ್ದಾರ ಕೂತಿದ್ದಾನೆಂಬುದನ್ನೂ ಮರೆತು, ತಲೆಯ ಮೇಲಿನ ಸೆರಗು ಜಾರಿದ್ದನ್ನೂ ಮರೆತು, ಹಿಟ್ಟಿನ ಕೈಯಲ್ಲೇ ಪಡಸಾಲೆ ದಾಟಿ ಪರದೆಯ ಮುಂದೆ ಬಂದು ನಿಂತಳು.

"ನಾನ ಅಂದಿದ್ನಿರಿ," ನಜಮಾ ಹೇಳುತ್ತಿದ್ದಳು. "ಎಲ್ಲೆರ ಹೋಗಿ ಸಾಯ್ರಿ ಅಂದಿದ್ನಿ. ಅದಕ್ಕ ಹಿಂಗಾತು."

"ಹಂಗ ನಮ್ಮವ್ವ ನನಗ ದಿನಾ ಬೈತಿದ್ಲು, ಸಾಲಿಗಿ ತಡಾ ಆದ್ರ," ಎಂದಳು ಪ್ರಿಯದರ್ಶಿನಿ. "ನೋಡವಾ, ರಕ್ತದಾಗ ಏನೈತಿ ಅಂತ ಹುಡುಕೂದು ನನ್ನ ಉದ್ಯೋಗ. ದಾರು ಸಿಗತೈತಿ, ಔಷಧಿ ಸಿಗತೈತಿ. ಹೆಂಡತಿ ಅಂದ ಮಾತು ಇಲ್ಲೀತನಕ ಯಾರ ರಕ್ತದಾಗೂ ನನಗ ಸಿಕ್ಕಿಲ್ಲ. ಇನ್ನೊಂದ ಮಾತು ಕೇಳು. ನಾಳೆ ನನ್ನ ಲೆಕ್ಕ ತಪ್ಪಿ, ಅವರು ತಾವ ಜೀವಾ ಕಳಕೊಂಡಿದ್ರು ಅಂತ ಆದ್ರೂ, ಆ ಗುನ್ನೆ ನಿನ್ನದಾಗೂದಿಲ್ಲ. ಒಂದು ಸಿಟ್ಟಿನ ಮಾತಿಗೆ ಹುಟ್ಟೂದಲ್ಲ ಅಂಥಾ ವಿಚಾರ. ಅದೂ ಒಂದು ಬ್ಯಾನಿ. ಈಗ ನಿನಗ ಬಂದೈತಲಾ, ಅದೂ ಬ್ಯಾನೀನ. ಬ್ಯಾನಿಗೆ ಡಾಕ್ಟರ್ ಅದಾರ."

ನಜಮಾ ಪರದೆಯ ಹಿಂದೆ ಕುಸಿದು ಕೂತು ಅತ್ತಳು. ಗಂಡನ ಜನಾಜಾ ಹೊರಟ ದಿನವೂ ಹಾಗೆ ಅತ್ತಿರಲಿಲ್ಲ. ಅಂದು ಅತ್ತರೆ ನಾಟಕ ಎಂದಾರು ಎಂದು ಹಲ್ಲು ಕಚ್ಚಿ ಕೂತಿದ್ದಳು.

ಉಳಿದದ್ದನ್ನು ಪ್ರಿಯದರ್ಶಿನಿ ಹವಾಲ್ದಾರನಿಗೆ ಒಂದೊಂದಾಗಿ ಹೇಳಿದಳು. ಔಷಧಿಯ ಡಬ್ಬಿಗಳನ್ನು ಈಗಿಂದೀಗ ಆ ಕೋಣೆಯಿಂದ ತೆಗೆಸಿ, ಮನೆಯಿಂದ ದೂರ ಕೀಲಿ ಹಾಕಿಡಬೇಕು. ಆ ಹುಡುಗಿಯನ್ನು ಒಬ್ಬಳನ್ನೇ ಬಿಡಬಾರದು. ನಾಳೆಯೇ ಜಿಲ್ಲಾ ದವಾಖಾನೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ನಡುರಾತ್ರಿ ಮನಸ್ಸು ಕೆಟ್ಟರೆ ೧೪೪೧೬ಕ್ಕೆ ಫೋನು ಮಾಡಿದರೆ ಸರ್ಕಾರದವರು ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಿದ್ದಾರೂಢ ಆ ನಂಬರನ್ನು ಸೀಮೆಸುಣ್ಣದಿಂದ ಬಾಗಿಲ ಪಕ್ಕದ ಗೋಡೆಯ ಮೇಲೆ ದಪ್ಪಗೆ ಬರೆದ. ಅಂಕಿಗಳು ಸೊಟ್ಟಗಿದ್ದವು, ಓದಲು ಬರುತ್ತಿದ್ದವು.

ಫೋನು ಇಟ್ಟ ಮೇಲೆ ಅವನು ಕಾಗದ ತೊಡೆಯ ಮೇಲಿಟ್ಟುಕೊಂಡ. "ಹಾಜಿಸಾಬ್ರ, ಏನ್ ಬರೀಲಿ?"

ಹೊರಗೆ ಇಳಿಹೊತ್ತಿನ ಅಸರ್ ನಮಾಜಿನ ಅಜಾನ್ ಆಗುತ್ತಿತ್ತು. ಅದು ಮುಗಿಯುವವರೆಗೂ ನ್ಯಾಯವಾಗಿ ಸುಮ್ಮನಿರಬಹುದಾಗಿತ್ತು. ನಬಿಲಾಲ ಅಷ್ಟೂ ಹೊತ್ತು ಸುಮ್ಮನಿದ್ದರು. ಮುಗಿದ ಮೇಲೆ ಟೋಪಿ ತಲೆಗೆ ಹಾಕಿಕೊಂಡರು.

"ಖರೇ ಬರೀರಿ. ನನ್ನ ಮಗಾ ಕುಡದಿದ್ದ. ಬಾಯಿ ತೊಳಿಸಿದಾಂವ ನಾನು."

ಬರೆಸಿ, ಸಹಿ ಹಾಕಿ, ಅವರೇ ಎದ್ದು ಸೊಸೆಯ ಕೋಣೆಯ ಹೊರಗೆ ನಿಂತು ಕೆಮ್ಮಿದರು. ಅವಳು ಒಂದು ಬದಿಗೆ ಸರಿದಳು. ಡಬ್ಬಿಗಳನ್ನೂ ಪಂಪನ್ನೂ ಒಂದೊಂದಾಗಿ ಹೊತ್ತು ಹೊರಗಿಟ್ಟರು. ಅಶ್ಫಾಕ ಟೆಂಪೋ ತಂದ. ಊರಿನವರೆಲ್ಲ ನೋಡುತ್ತಿರುವಾಗ ಹಾಜಿಸಾಬರು ಆ ಡಬ್ಬಿಗಳ ಜೊತೆಗೆ ಟೆಂಪೋದ ಹಿಂದೆ ಕೂತು ಹೊಲದ ಕೊಟ್ಟಿಗೆಗೆ ಹೋದರು. ಬರುವಾಗ ಮಸೀದಿಯ ಪೇಶ್‌ಇಮಾಮರ ಮನೆಗೆ ಹೋಗಿ, ಇದ್ದತ್ತು ಮುಗಿದಿಲ್ಲ, ಸೊಸೆಯನ್ನು ದವಾಖಾನೆಗೆ ಒಯ್ಯಬಹುದೇ ಎಂದು ಕೇಳಿದರು. ಇಮಾಮರು ಬಹಳ ಹೊತ್ತು ಅವರ ಮುಖವನ್ನೇ ನೋಡಿ, "ಜೀವಾ ಉಳಸಾಕ ಹೊಸ್ತಿಲಾ ದಾಟೂದಕ್ಕ ನನ್ನ ಅಪ್ಪಣಿ ಬ್ಯಾಡ ಹಾಜಿಸಾಬ್. ಇಷ್ಟ ತಡಾ ಯಾಕ ಮಾಡಿದ್ರಿ" ಎಂದರಂತೆ.

ಮರುದಿನ ಹಜರಾಬಿ ಸೊಸೆಯನ್ನು ಕರೆದುಕೊಂಡು ಇಂಡಿಗೆ ಹೋಗಿ, ಅಲ್ಲಿಂದ ಜಿಲ್ಲಾ ದವಾಖಾನೆಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಕಿಟಕಿಯ ಹತ್ತಿರ ನಜಮಾಳನ್ನು ಕೂರಿಸಿ ತಾನು ಆಚೆ ಕೂತು, ಯಾರಾದರೂ ಒತ್ತಿ ಬಂದರೆ ಮೊಣಕೈ ಅಡ್ಡ ಇಡುತ್ತಿದ್ದಳು. ನಜಮಾಳಿಗೆ ಬಯಲ ಬಿಸಿಲು ಕಣ್ಣಿಗೆ ಚುಚ್ಚಿತು. ಎಷ್ಟೊಂದು ಜನ ಏನೂ ಆಗದವರ ಹಾಗೆ ಕಬ್ಬಿನ ಗಾಡಿ ಹೊಡೆಯುತ್ತಿದ್ದಾರೆ, ಫೋನಿನಲ್ಲಿ ನಗುತ್ತಿದ್ದಾರೆ ಎಂದು ಅವಳಿಗೆ ಸೋಜಿಗವಾಯಿತು. ಒಂದು ಫೋನಿಗೆ ಎದೆಯ ಮೇಲಿನ ಕಲ್ಲು ಸರಿದುಬಿಡುತ್ತದೆ ಎಂದೇನಿಲ್ಲ. ಅಂದು ಬೆಳಿಗ್ಗೆಯೂ ಆ ವಿಚಾರ ಎದ್ದು ಕೂತಿತ್ತು. ಆದರೆ ಎದ್ದಾಗ ಪಕ್ಕದಲ್ಲಿ ಅತ್ತೆ ಮಲಗಿದ್ದಳು. ಅದು ಸ್ವಲ್ಪ ದೂರ ಕೂತಿತ್ತು.

ದವಾಖಾನೆಯಲ್ಲಿ ಸಾಲು ಉದ್ದವಿತ್ತು. ಬೆಂಚಿನ ಮೇಲೆ ಅವರ ಪಕ್ಕಕ್ಕೆ ಇಳಕಲ್ ಸೀರೆಯ ಒಬ್ಬ ಹೆಂಗಸು ಕೂತಿದ್ದಳು. ಹೆಸರು ಮರೆವ್ವ, ನಿದ್ದೆಯಲ್ಲಿ ಕಿರುಚುವ ಮಗಳನ್ನು ತೋರಿಸಲು ಬಂದವಳು. ಬಾಯಲ್ಲಿ ಎಲೆಯಡಿಕೆ, ಕಣ್ಣಲ್ಲಿ ಊರಿನ ಉಸಾಬರಿ.

"ಯಾರಿಗೆ ಆರಾಮಿಲ್ಲವಾ? ನಿನಗೋ, ಈ ಹುಡುಗೀಗೋ?"

"ನನ್ನ ಸೊಸಿಗೆ," ಎಂದಳು ಹಜರಾಬಿ. "ನಿದ್ದಿ ಬರವಲ್ದು."

"ಗಂಡ ಬಂದಿಲ್ಲೇನು?"

"ತೀರ್ಕೊಂಡಾನ. ನನ್ನ ಹಿರೀಮಗ."

"ಎವ್ವಾ, ಪಾಪ. ಸಣ್ಣ ವಯಸ್ಸು. ಏನಾಗಿತ್ತು?"

ಈ ಪ್ರಶ್ನೆಗೆ ಅತ್ತೆಯ ಬಾಯಿಂದ ಬರುತ್ತಿದ್ದ ಉತ್ತರವನ್ನು ನಜಮಾ ಗೋಡೆಯಾಚೆಯಿಂದ ಎಷ್ಟೋ ಸಲ ಕೇಳಿದ್ದಳು. ಬುರ್ಖಾದ ಅಂಚನ್ನು ಬೆರಳಿಗೆ ಸುತ್ತಿಕೊಂಡು ನೆಲದ ಟೈಲ್ಸ್ ನೋಡುತ್ತ ಕಾದಳು.

ಹಜರಾಬಿ ಸೆರಗು ಸರಿಮಾಡಿಕೊಂಡಳು. ಮಾಡಿಕೊಂಡದ್ದನ್ನೇ ಮತ್ತೆ ಮಾಡಿಕೊಂಡಳು.

"ದ್ರಾಕ್ಷಿಗೆ ಪೇಸ್ಟ್ ಹಚ್ಚತಿದ್ದ. ಅದು ಮೈಯಾಗ ಹೊಕ್ಕಿತ್ತು. ಮ್ಯಾಲ ದಾರು ಕುಡದ. ಎರಡೂ ಕೂಡಿ ಜೀವಾ ತಗೊಂಡ್ವು. ನಮಗ ತಿಳೀಲಿಲ್ಲ."

"ಪೇಸ್ಟ್ ಹಚ್ಚಿ ಕುಡೀಬಾರದೇನು?" ಮರೆವ್ವ ಬಾಯಲ್ಲಿನ ಎಲೆ ಒಂದು ಕಡೆ ಸರಿಸಿದಳು. "ನಮ್ಮ ಅಳಿಯಾನೂ ಅದ ಕೆಲಸಕ್ಕ ಹೋಗ್ತಾನಲ್ಲವ. ಕುಡಿಯೂದರಾಗ ಅವಂದ ಮೊದಲನೇ ನಂಬರು."

"ಹಂಗಾರ ಅವನಿಗೆ ಹೇಳು. ಮುಂದಿನ ಚಾಟಣಿತನಕ ಕಾಯಬ್ಯಾಡ, ಮರತ ಹೋಗ್ತೀ. ಇವತ್ತ ಹೇಳು. ಹಜರಾಬಿ ಮಗಾ ಹಿಂಗ ಸತ್ತ ಅಂತ ಹೆಸರು ಹಚ್ಚಿ ಹೇಳು."

ಬಾಗಿಲಲ್ಲಿ ನರ್ಸ್ ಬಂದು ನಜಮಾಳ ಹೆಸರು ಕೂಗಿದಳು. ಇಬ್ಬರೂ ಎದ್ದರು. ಡಾಕ್ಟರರು ಮೊದಲು ಪೇಷಂಟ್ ಒಬ್ಬರನ್ನೇ ಮಾತಾಡಿಸುತ್ತಾರೆ ಎಂದಳು ನರ್ಸ್. ನಜಮಾ ಅಲ್ಲೇ ನಿಂತು ಅತ್ತೆಯ ಮುಖ ನೋಡಿದಳು. ಏನು ಹೇಳಬೇಕು, ಎಷ್ಟು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ಕೇಳುವ ಅಭ್ಯಾಸ ಅವಳ ಕಣ್ಣಿನಲ್ಲಿ ಇನ್ನೂ ಇತ್ತು.

"ಹೋಗು," ಎಂದಳು ಹಜರಾಬಿ. "ನಾ ಇಲ್ಲೇ ಕುಂತಿರ್ತೇನಿ. ಸಾವಕಾಶ ಹೇಳು, ಎಲ್ಲಾ ಹೇಳು. ನಾ ನಿನಗ ಏನೇನ ಅಂದೇನಿ, ಅದನ್ನೂ ಹೇಳು. ದಾರೂದ್ದೂ ಹೇಳು."